ಹೊಸ ನಕ್ಷತ್ರದ ಮಿಡಿತ

ರೇಡಿಯೋ ದೂರದರ್ಶಕದಲ್ಲಿ ಆ ಮಿಡಿತವನ್ನು ಮೊದಲು ಗುರುತಿಸಿದವಳು ವಿದ್ಯಾರ್ಥಿನಿ ಮಂದಾಕಿನಿ. ‘ಹೊಸ ಪಲ್ಸಾರ್ ನಕ್ಷತ್ರ ಪತ್ತೆ’ ಎಂಬ ಪ್ರಬಂಧ ಅಚ್ಚಾದಾಗ ಅದರಲ್ಲಿದ್ದದ್ದು ಪ್ರೊಫೆಸರರ ಹೆಸರೊಂದೇ.

ಈಗ ಪ್ರೊಫೆಸರರೇ ಅವಳನ್ನು ಕರೆಸಿ ಕಂಪ್ಯೂಟರ್ ತೋರಿಸಿದರು.

“ನೋಡಮ್ಮ, ಪ್ರಪಂಚವೆಲ್ಲ ನನ್ನ ಪ್ರಬಂಧವನ್ನೇ ಉಲ್ಲೇಖಿಸ್ತಿದೆ! ನಿನಗೆ ಹೊಟ್ಟೆ ಉರಿಯುತ್ತೆ, ಗೊತ್ತು.”

“ಇಲ್ಲ ಸರ್, ತಣ್ಣಗಿದೆ. ಉಲ್ಲೇಖಿಸಿದವರು ಏನು ಬರೆದಿದ್ದಾರೆ, ಓದಿದ್ರಾ?”

“ಅದನ್ನೆಲ್ಲ ಯಾರು ಓದ್ತಾರೆ? ಸಂಖ್ಯೆ ನೋಡು, ಸಂಖ್ಯೆ! ಪ್ರಶಸ್ತಿಗೆ ಅರ್ಜಿನೂ ಹಾಕಾಯ್ತು.”

“ಆ ಮಿಡಿತ ನಕ್ಷತ್ರದ್ದಲ್ಲ, ಪಕ್ಕದ ತೋಟದ ಕರೆಂಟ್ ಬೇಲಿಯದು ಅಂತ ನಾನು ಹೋದ ತಿಂಗಳು ಒಂದು ಪ್ರಬಂಧ ಬರೆದೆ. ನಿಮ್ಮನ್ನ ಉಲ್ಲೇಖಿಸಿದವರೆಲ್ಲ ಅದನ್ನೇ ಹೇಳಿ ನಗ್ತಿದ್ದಾರೆ, ಸರ್.”

ಪ್ರೊಫೆಸರರ ಮುಖ ಬಿಳಿಚಿತು. “ಅಯ್ಯೋ, ಅಚ್ಚಾಗೋ ಮೊದಲೇ ಹೇಳಬಾರದಿತ್ತಾ?”

“ಹೇಳೋಕೇ ಬಂದಿದ್ದೆ, ಸರ್. ನೀವು ನನ್ನ ಹೆಸರು ಅಳಿಸ್ತಾ ಕೂತಿದ್ರಿ.”