ಗುಂಡನ ಚಕ್ರ

"ಅಮ್ಮಾ, ಫೋನು ಗುಂಡನ ಗೂಡಿನ ಹತ್ರ ಹಿಡಿ," ಅಂದಳು ಆಸ್ಪತ್ರೆಯಿಂದ ಮಗಳು. ಹೊಲಿಗೆ ಅಲ್ಲೇ ಬಿಟ್ಟು ತಾಯಿ ಓಡಿದಳು. ಗೂಡು ಖಾಲಿಯಿತ್ತು. ಮುಷ್ಟಿಯಷ್ಟಿದ್ದ, ಇಲಿಯಂಥ ಆ ಹ್ಯಾಮ್‌ಸ್ಟರ್ ಹೋದ ವಾರವೇ ಸತ್ತು ಹಿತ್ತಲಿನ ಮಣ್ಣು ಸೇರಿತ್ತು. ಎಂದಿನಂತೆ ಅವಳು ತೋರುಬೆರಳಿಂದ ಅದರ ಓಟದ ಚಕ್ರ ತಿರುಗಿಸಿದಳು. ಕಿರ್ರ್, ಕಿರ್ರ್. ದಿನಾ ಸಂಜೆ ಈ ಸದ್ದು ಕೇಳಿಸಿಕೊಂಡೇ ಮಗಳು ಮಾತ್ರೆ ನುಂಗುತ್ತಿದ್ದಳು. ಇವತ್ತು ಯಾಕೋ ಮಧ್ಯಾಹ್ನವೇ ಅಪ್ಪನ ಫೋನು ಕಸಿದುಕೊಂಡಿದ್ದಳು.

"ಕೇಳಿಸ್ತಾ ಪುಟ್ಟಿ? ನಿನ್ನ ಗುಂಡನಿಗೆ ಒಂದು ಗಳಿಗೆ ಕೂತಲ್ಲಿ ಕೂರೋಕಾಗಲ್ಲ. ನೀನು ಬರೋ ತನಕ ಓಡ್ತಾನೇ ಇರ್ತಾನಂತೆ."

ಆ ಕಡೆ ವಾರ್ಡಿನಲ್ಲಿ ನರ್ಸು ಯಾರನ್ನೋ ಗದರುವುದು ಕೇಳಿಸಿತು.

"ಅಮ್ಮ, ಅವನು ಹಗಲು ಹೊತ್ತು ಓಡಲ್ಲ. ಕತ್ತಲಾಗೋ ತನಕ ಮುದುಡಿಕೊಂಡು ಮಲಗಿರ್ತಾನೆ. ನಿಂಗೆ ಗೊತ್ತೇ ಇಲ್ವಾ?"

ಗೊತ್ತಿರಲಿಲ್ಲ. ಕಾಳು, ನೀರು, ಹಾಸುವ ಮರದ ಹೊಟ್ಟು, ಎಲ್ಲ ಮಗಳದೇ ಉಸ್ತುವಾರಿಯಾಗಿತ್ತು. ಅವಳು ಆಸ್ಪತ್ರೆ ಸೇರಿದ ಮೇಲೆ ಒಂದು ಹಿಡಿ ಕಾಳು ಸುರಿದು ಬಸ್ಸಿಗೆ ಓಡುವುದಷ್ಟೇ ತಾಯಿಯಿಂದಾಗಿತ್ತು. 'ಮಲಗಿದಾನೆ ಕಣೇ' ಅಂದಿದ್ದರೆ ಸಾಕಾಗುತ್ತಿತ್ತು.

"ಗುಂಡ ಇಲ್ವಾ ಅಮ್ಮ?"

"ಎಂಥ ಮಾತು ಆಡ್ತೀಯ! ಬಿಡ್ತು ಅನ್ನು."

ಮಗಳು ಬಿಡ್ತು ಅನ್ನಲಿಲ್ಲ. "ಹಾಗಾದ್ರೆ, ನಂಗೆ ವಾಸಿಯಾಗುತ್ತೆ ಅಂತಿದ್ದೆಯಲ್ಲ, ಅದು?" ಅಂದಳು.

ತಾಯಿ ಚಕ್ರವನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು.