ಫೋಟೋದಲ್ಲಿಲ್ಲದ ಮರಿ

ಏಳನೆಯ ಮರಿ ನಡುಹಗಲಿನಲ್ಲೇ ಕಣ್ಣು ಮುಚ್ಚಿ ಕೂತಿತ್ತು. ಉಳಿದ ಹತ್ತು ಗೋಸುಂಬೆ ಮರಿಗಳು ಒಂದು ಕಣ್ಣು ಮುಂದಕ್ಕೆ, ಒಂದು ಕಣ್ಣು ಹಿಂದಕ್ಕೆ ತಿರುಗಿಸುತ್ತ ನೊಣಗಳಿಗೆ ಹೊಂಚು ಹಾಕುತ್ತಿದ್ದರೆ, ಇದು ಮಾತ್ರ ಪಂಜರದ ಮೂಲೆಯ ಕಡ್ಡಿಗೆ ಅಂಟಿಕೊಂಡು ಸುಟ್ಟ ಬೆಂಕಿಕಡ್ಡಿಯ ಹಾಗೆ ಕಪ್ಪಿಟ್ಟಿತ್ತು. ಸೊಸೆ ಮೊಬೈಲನ್ನು ಓರೆಯಾಗಿ ಹಿಡಿದು, ಆ ಮೂಲೆ ಬಾರದಂತೆ ಫೋಟೋ ತೆಗೆದಳು. ಮೊಟ್ಟೆಯಿಡದೆ ಮರಿ ಹಾಕುವ ಜಾಕ್ಸನ್ ಜಾತಿಯ ಗೋಸುಂಬೆ ಸಾಕುವವರ ಮೊಬೈಲ್ ಗುಂಪಿಗೆ ಅದನ್ನು ಕಳಿಸಿ, "ಆರನೆಯ ವಾರ. ಮಕ್ಕಳೆಲ್ಲ ಆರಾಮ" ಎಂದು ಬರೆದಳು. ಗಂಡುಮರಿಗಳ ಮುಖದ ಮೇಲೆ ಮೂರು ಕೊಂಬು ಮೂಡುವ ಜಾಗದಲ್ಲಿ ಸಾಸಿವೆಯಷ್ಟು ಉಬ್ಬು ಕಾಣತೊಡಗಿತ್ತು. ಅದನ್ನು ನೋಡಿ ಗುಂಪಿನವರು ಹೊಗಳಿದ್ದೇ ಹೊಗಳಿದ್ದು. ದಿನವಿಡೀ ಹಲ್ಲಿನ ಸೆಟ್ ಮಾಡುವ ಕೈಯಲ್ಲವೆ, ಅದಕ್ಕೇ ಇಷ್ಟು ನಾಜೂಕು ಎಂದರು.

ಬೆನ್ನ ಹಿಂದೆ ಅತ್ತೆ ನಿಂತಿದ್ದರು. ಮರಿಗಳು ಹುಟ್ಟಿದ ದಿನ "ಮನೆಯೋ ಓತಿಕ್ಯಾತಗಳ ಛತ್ರವೋ" ಎಂದು ಮೂಗು ಮುರಿದಿದ್ದವರು, ಈಗ ಊಟವಾದ ಕೂಡಲೇ ಕುರ್ಚಿ ಎಳೆದುಕೊಂಡು ಪಂಜರದ ಮುಂದೆ ಕೂರುತ್ತಿದ್ದರು.

"ಫೋಟೋದಲ್ಲಿ ಏಳನೇದು ಎಲ್ಲಿ?"

"ಬರಲಿಲ್ಲ ಅತ್ತೆ."

"ಅದು ಬರಲಿಲ್ವೋ, ನೀನು ಬಿಟ್ಯೋ?"

ಸೊಸೆಯ ಮುಖ ಸಣ್ಣದಾಯಿತು. "ಎರಡು ದಿನದಿಂದ ಏನೂ ತಿಂದಿಲ್ಲ. ವ್ಯಾನ್ ಮಾಮನಿಗೆ ಗೊತ್ತಾದ್ರೆ ಏನಂದ್ಕೋತಾರೆ ಹೇಳಿ? ನನ್ನನ್ನ ನಂಬಿ ಇವುಗಳ ತಾಯಿನೇ ಕೊಟ್ಟವರು."

ವ್ಯಾನ್ ಮಾಮ ಶಾಲೆಯ ವ್ಯಾನ್ ಓಡಿಸುತ್ತಿದ್ದವರು. ಮಕ್ಕಳು ಕರೆಯುತ್ತಿದ್ದ ಹೆಸರೇ ಗುಂಪಿನಲ್ಲೂ ನಿಂತುಬಿಟ್ಟಿತ್ತು. ಅಕ್ಕರೆಯಿಂದ ಸಾಕಿದ್ದ ಹೆಣ್ಣು ಗೋಸುಂಬೆಯನ್ನು, ಅದು ಬಸುರಿ ಎಂದು ಗೊತ್ತಿದ್ದೂ, ಒಂದು ದಿನ ಪಂಜರದ ಸಮೇತ ತಂದು ಇವಳಿಗೆ ಒಪ್ಪಿಸಿ ಹೋಗಿದ್ದರು. ಯಾಕೆಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ.

"ನೀನು ಹಲ್ಲು ಕಟ್ಟಿಕೊಟ್ಟಾಗ ಒಂದು ವಾರ ನಾನೂ ಚೆನ್ನಾಗಿದೆ ಚೆನ್ನಾಗಿದೆ ಅಂತ ಹಾಲು ಕುಡ್ಕೊಂಡೇ ಇದ್ದೆ" ಎಂದರು ಅತ್ತೆ. "ಒತ್ತುತ್ತೆ ಅಂತ ಬಾಯಿಬಿಟ್ಟ ಮೇಲೆ ತಾನೆ ನೀನು ಉಜ್ಜಿ ಸರಿ ಮಾಡಿದ್ದು? ಇದ್ದದ್ದು ಇದ್ದ ಹಾಗೆ ಬರೆದು ಹಾಕು."

ಸೊಸೆ ಮೂಲೆಯ ಫೋಟೋ ತೆಗೆದಳು. "ಆಗ ಬರೆದದ್ದು ಸುಳ್ಳು. ಏಳನೆಯದು ಕಣ್ಣು ಬಿಡುತ್ತಿಲ್ಲ. ಎಲ್ಲಿ ತಪ್ಪಿದ್ದೇನೆ ಹೇಳಿ" ಎಂದು ಬರೆದು, ಮೊಬೈಲನ್ನು ಬೋರಲು ಮಲಗಿಸಿ, ಕೆಲಸದ ಮೇಜಿಗೆ ಹೋಗಿ ಕೂತಳು. ಹಲ್ಲಿನ ಸೆಟ್ಟಿಗೆ ಕಾಯಿಸಿದ ಮೇಣ ಕೈಯಲ್ಲೇ ಗಟ್ಟಿಯಾಗುವವರೆಗೂ ಮೊಬೈಲಿನ ಕಡೆ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಕೊನೆಗೆ ಎತ್ತಿ ನೋಡಿದರೆ ಯಾರೂ ಬೈದಿರಲಿಲ್ಲ. ನೀರು ಎಷ್ಟು ಹೊತ್ತು ಸಿಂಪಡಿಸುತ್ತೀರಿ ಎಂದು ಗುಂಪಿನಲ್ಲಿದ್ದ ಒಬ್ಬಳು ನರ್ಸ್ ಕೇಳಿದ್ದಳು. ಎರಡು ನಿಮಿಷ ಎಂದು ಸೊಸೆ ಬರೆದಾಗ, "ಏನೇನೂ ಸಾಲದು, ಎಲೆ ಮೇಲಿನ ಹನಿ ಕುಡಿಯೋಕೆ ಅವು ಮನಸ್ಸು ಮಾಡೋದೇ ಹತ್ತು ನಿಮಿಷಕ್ಕೆ" ಎಂದಳು. ದೊಡ್ಡ ಮರಿಗಳ ಕಣ್ಣಿಗೆ ಬೀಳದಂತೆ ಅದನ್ನು ಬೇರೆ ಇಡಿ, ಹೆದರಿಕೆಗೇ ಬಾಯಿ ಕಟ್ಟಿದೆ ಎಂದ ಒಬ್ಬ ಕ್ಷೌರಿಕ. ಇನ್ನೊಬ್ಬಾಕೆ ಕಾಲು ಸೊಟ್ಟಗಾದ ತನ್ನ ಮರಿಯ ಫೋಟೋ ಹಾಕಿ, "ಇದನ್ನ ನಾನೂ ಯಾರಿಗೂ ತೋರಿಸಿರಲಿಲ್ಲ" ಎಂದಿದ್ದಳು. ವ್ಯಾನ್ ಮಾಮ ಮಾತ್ರ ಏನೂ ಬರೆದಿರಲಿಲ್ಲ.

ಗಂಟೆಯೊಳಗೆ ಅವರೇ ಬಾಗಿಲಲ್ಲಿ ನಿಂತಿದ್ದರು. ಹೆಗಲ ಚೀಲದಲ್ಲಿ ನೀರು ಸಿಂಪಡಿಸುವ ಪಂಪು.

"ಮಾಮ, ನನ್ನಿಂದ ತಪ್ಪಾಯ್ತು..."

"ಅದೆಲ್ಲ ಆಮೇಲೆ. ನೀರು ಉಗುರುಬೆಚ್ಚಗೆ ಮಾಡಮ್ಮ."

ಅವರು ಹೇಳಿದಂತೆ ಸೊಸೆ ಮರಿಯನ್ನು ಕಡ್ಡಿ ಸಮೇತ ಬೇರೆ ಪಂಜರಕ್ಕೆ ಸಾಗಿಸಿ, ಸುತ್ತ ಎಲೆ ಮರೆ ಮಾಡಿದಳು. ಪಂಪು ಒತ್ತುವ ಕೆಲಸ ಅತ್ತೆಯದಾಯಿತು. ಇಬ್ಬನಿಯಂತೆ ನೀರು ಇಳಿಯುತ್ತಲೇ ಇತ್ತು. ಕಾಲು ಗಂಟೆ ಕಳೆದರೂ ಮರಿ ಮಿಸುಕಲಿಲ್ಲ. ಮೂವರೂ ನೋಡುತ್ತಿದ್ದಂತೆ ಒಂದು ಹನಿ ಅದರ ಮೂತಿಯ ಮೇಲಿಂದ ಜಾರಿತು. ಗಂಟಲು ಸಣ್ಣಗೆ ಅಲುಗಿತು.

"ಕುಡೀತು ಕಣೇ!" ಎಂದು ಅತ್ತೆ ಕೂಗಿದರು.

ಸೊಸೆಗೆ ಕಣ್ಣು ತುಂಬಿ ಬಂತು. ಕೈ ಮುಗಿಯಲು ಹೋದವಳನ್ನು ವ್ಯಾನ್ ಮಾಮ ತಲೆಯಾಡಿಸಿ ತಡೆದರು. "ನನ್ನ ಮೊದಲ ಸಲದ ಹದಿನೆಂಟು ಮರಿಗಳಲ್ಲಿ ಉಳಿದಿದ್ದು ನಾಲ್ಕು. ಗುಂಪಿನಲ್ಲಿ ಎಲ್ಲ ಆರಾಮ ಅಂತಲೇ ಬರೀತಿದ್ದೆ. ಕೇಳಿದ್ರೆ ಹೇಳೋರು ಆಗಲೂ ಇದ್ರು. ನಾನು ಕೇಳಲಿಲ್ಲ, ನೀನು ಕೇಳಿದೆ."

ಆಮೇಲೆ ಅವರು ದಿನಾ ಮಧ್ಯಾಹ್ನ ಬಂದರು. ಐದನೆಯ ದಿನ ಮರಿಯ ನಾಲಿಗೆ ಬಾಣದಂತೆ ಚಿಮ್ಮಿ ಒಂದು ನೊಣವನ್ನು ಹಿಡಿಯಿತು. ಅದೇ ಗುಂಗಿನಲ್ಲಿ ವ್ಯಾನ್ ಮಾಮ ಪಂಜರದೊಳಕ್ಕೆ ಕೈ ಚಾಚಿದರು. ಕಡ್ಡಿಯ ತುದಿಯವರೆಗೆ ಬಂದ ಮರಿ ಒಂದೊಂದೇ ಕಾಲಿಟ್ಟು ಅವರ ಬೆರಳಿಗೆ ಹತ್ತಿತು. ಸೊಸೆ ಆಗ ಕಂಡಳು. ಆ ಬೆರಳು, ಆ ಇಡೀ ಕೈ, ಬಿಡದೆ ನಡುಗುತ್ತಿತ್ತು.

"ವ್ಯಾನ್ ಓಡಿಸೋದು ನಿಲ್ಲಿಸಿದ್ದು ಇದಕ್ಕೇ" ಎಂದರು ಅವರು, ಮರಿಯ ಮೇಲಿಂದ ಕಣ್ಣು ತೆಗೆಯದೆ. "ಇವುಗಳ ತಾಯಿನ ನಿನಗೆ ಕೊಟ್ಟಿದ್ದೂ ಇದಕ್ಕೇ. ಎಲ್ಲಿ ಬೀಳಿಸಿಬಿಡ್ತೀನೋ ಅಂತ."

ಮರಿ ಬೀಳಲಿಲ್ಲ. ನಾಲ್ಕೂ ಕಾಲಿನಿಂದ ಬೆರಳನ್ನು ಭದ್ರವಾಗಿ ಹಿಡಿದು, ಅದರ ಜೊತೆಗೇ ತೂಗುತ್ತ ಕೂತಿತು.

"ನಮ್ಮನೆಗೆ ಇಷ್ಟು ಜೀವ ಬಂದಿದ್ದು ನಿಮ್ಮಿಂದ ಮಾಮ" ಎಂದಳು ಸೊಸೆ. ಮೊಬೈಲ್ ಎತ್ತಿ ಫೋಟೋ ತೆಗೆದಳು. ನೋಡಿದರೆ ಮರಿಯೂ ಬೆರಳೂ ಮಸುಕುಮಸುಕು.

"ಅಲ್ಲಾಡಿಬಿಟ್ಟಿದೆ. ತಾಳಿ, ಇನ್ನೊಂದು ತೆಗೀತೀನಿ."

"ಬೇಡಮ್ಮ" ಎಂದರು ವ್ಯಾನ್ ಮಾಮ. "ಅದನ್ನೇ ಗುಂಪಿಗೆ ಹಾಕು."