ಎಡಗಿವಿಯ ಜೀರುಂಡೆ

"ಆಗಲ್ಲ ಅಂದ್ರೆ ಆಗಲ್ಲ ಕಣಪ್ಪಾ. ಅದು ಆಟ, ವೈದ್ಯ ಅಲ್ಲ," ಎಂದು ಜಾದೂಗಾರ ಮೂರನೆಯ ಸಲ ಹೇಳಿದ.

ಗಡಿಯಾರ ರಿಪೇರಿಯವನು ಕದಲಲಿಲ್ಲ. ರಂಗದ ಹಿಂದಿನ ಬಣ್ಣದ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಅವನ ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು. ಮಧ್ಯಾಹ್ನದ ಆಟ ಮುಗಿದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ.

"ಸುಳ್ಳು ಹೇಳಬೇಡಿ ಸರ್. ಈಗ ತಾನೇ ಐದು ಜನರ ಕಿವಿಯಿಂದ ಜೀವಂತ ಜೀರುಂಡೆ ತೆಗೆದ್ರಿ. ನಾನು ಮುಂದಿನ ಸಾಲಲ್ಲೇ ಇದ್ದೆ. ಈ ಹಾಳು ಆಟ ಎಲ್ಲ ಬೇಡ ಅಂದ್ರೂ ಇವಳೇ ಟಿಕೆಟ್ ತಗೊಂಡು ನನ್ನ ಎಳ್ಕೊಂಡು ಬಂದ್ಲು. ಬಂದಿದ್ದು ಒಳ್ಳೇದೇ ಆಯ್ತು."

"ಕಿವಿ ಡಾಕ್ಟರಿಗೆ ತೋರಿಸಿ."

"ನಾಲ್ಕು ಜನಕ್ಕೆ ತೋರಿಸಿದೆ. ಎಡಗಿವಿ ಸರ್. ಮೂರು ತಿಂಗಳಿಂದ ಒಂದೇ ಸಮ ಗುಂಯ್ ಅನ್ನೋದು, ನಡುನಡುವೆ ಕಾಲಲ್ಲಿ ಕೆರೆಯೋ ಸದ್ದು. ಊಟ ಇಲ್ಲ, ನಿದ್ದೆ ಇಲ್ಲ. ಡಾಕ್ಟರು ಏನೂ ಇಲ್ಲ ಅಂತಾರೆ. ಕೊನೆಯವನಂತೂ ಹುಳ ಕಿವಿಯಲ್ಲಿಲ್ಲ, ತಲೆಯಲ್ಲಿದೆ ಅಂದ್ಬಿಟ್ಟ."

ಜಾದೂಗಾರನಿಗೆ ಅರ್ಥವಾಯಿತು. ಅವನ ಸೋದರತ್ತೆಗೂ ಹೀಗೇ ಆಗಿತ್ತು. ಕೊನೆಯ ವರ್ಷವಿಡೀ ಇಲ್ಲದ ಇರುವೆಗಳನ್ನು ಮೈಯಿಂದ ಕೊಡವಿಕೊಳ್ಳುತ್ತಲೇ ಇದ್ದಳು ಪುಣ್ಯಾತ್ಗಿತ್ತಿ. ಇಲ್ಲ ಎಂದವರ ಮೇಲೆಲ್ಲ ಹರಿಹಾಯುತ್ತಿದ್ದಳು. ಅವನು ಕುರ್ಚಿಯಲ್ಲಿದ್ದ ಹೆಂಗಸನ್ನು ನೋಡಿ ಮರುಗಿದ.

"ನೀವು ತೆಗೆಯದೇ ಹೋದ್ರೆ ಮನೆಗೆ ಹೋಗಿ ನಾನೇ ತೆಗೀತೀನಿ." ಗಡಿಯಾರದವನು ಜೇಬಿನಿಂದ ಚಿಮುಟ ತೆಗೆದ. ಉದ್ದನೆಯದು, ತುದಿ ಸೂಜಿಯ ಹಾಗಿತ್ತು. "ಮೊನ್ನೆ ಇಷ್ಟು ಒಳಗೆ ಹೋಗಿತ್ತು, ಅಷ್ಟರಲ್ಲಿ ಇವಳು ತಲೆ ಅಲ್ಲಾಡಿಸಿಬಿಟ್ಲು. ಇವತ್ತು ಕುರ್ಚಿಗೆ ಕಟ್ಟಿಹಾಕ್ತೀನಿ. ಎಷ್ಟು ದಿನ ಅಂತ ನೋಡ್ಕೊಂಡಿರ್ಲಿ?"

ಹೇಳುತ್ತ ಹೇಳುತ್ತ ಅವನು ಅತ್ತ. ಕಟುಕನಲ್ಲ, ಕಂಗಾಲಾದ ಗಂಡ. ಅವಳ ಎಡಗಿವಿಯ ಅಂಚಿನಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಇನ್ನೊಂದು ಸಲ ಆ ಚಿಮುಟ ಒಳಗೆ ಹೋದರೆ ಕಿವಿ ಹೋದಂತೆಯೇ.

ರೋಗಿಷ್ಠ ಹೆಂಗಸಿಗೆ ಮೋಸ ಮಾಡುವುದೇ? ಮಾಡದಿದ್ದರೆ ಚಿಮುಟ. ಅತ್ತ ದರಿ, ಇತ್ತ ಪುಲಿ.

"ಆಯ್ತು," ಎಂದ ಜಾದೂಗಾರ. "ಕೈ ತೊಳ್ಕೊಂಡು ಬರ್ತೀನಿ."

ಗುಟ್ಟು ಬಲು ಸರಳ. ಜೀರುಂಡೆಗಳು ನಿಜವಾದವೇ, ಕಡಲೆಕಾಳಿನ ಗಾತ್ರದವು. ಐಸ್ ಡಬ್ಬಿಯಲ್ಲಿಟ್ಟರೆ ಮರಗಟ್ಟಿ ಮಲಗುತ್ತವೆ. ಬೆರಳ ಸಂದಿಯಲ್ಲಿ ಬಚ್ಚಿಟ್ಟುಕೊಂಡರೆ ಮೈಶಾಖಕ್ಕೆ ಒಂದು ನಿಮಿಷದಲ್ಲಿ ಎದ್ದು ಕಾಲಾಡಿಸುತ್ತವೆ. ರಬ್ಬರಿನವೂ ಇದ್ದವು, ಹಿಂದಿನ ಸಾಲಿನವರಿಗೆ ಅವೇ ಸಾಕು. ಆದರೆ ಗಡಿಯಾರದವನು ಆಗಲೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುರ್ಚಿಯ ಪಕ್ಕ ಬಗ್ಗಿ ನಿಂತಿದ್ದ. ಡಬ್ಬಿಯಲ್ಲಿ ಉಳಿದಿದ್ದದ್ದು ಒಂದೇ ಜೀರುಂಡೆ. ಅದನ್ನೇ ಬೆರಳ ಸಂದಿಗೆ ಸೇರಿಸಿಕೊಂಡು ಬಂದ.

"ಎಲ್ಲಿ ಕೆರೆಯತ್ತೆ ತಾಯಿ? ಮೇಲೋ, ಕೆಳಗೋ?"

ಅವಳು ಗಂಡನ ಮುಖ ನೋಡಿದಳು.

"ಮೇಲ್ಗಡೆ," ಎಂದ ಅವನು.

ಪಾಪ, ಬಾಯಿ ಬಿಡುವ ತ್ರಾಣವೂ ಇಲ್ಲ ಎಂದುಕೊಂಡ ಜಾದೂಗಾರ. ಆಗ ಅವಳು ಮೆಲ್ಲಗೆ ಹೇಳಿದಳು. "ನಿಧಾನವಾಗಿ ತೆಗೀರಿ ಅಣ್ಣಾ. ಇವರಿಗೆ ಚೆನ್ನಾಗಿ ಕಾಣೋ ಹಾಗೆ."

ಅವನು ಹತ್ತಿಯಿಂದ ಕಿವಿ ಒರೆಸಿದ. ಟಾರ್ಚ್ ಬಿಟ್ಟ. ಬಾಯಿಗೆ ಬಂದದ್ದೆಲ್ಲ ಮಾತಾಡುತ್ತ ಹೊತ್ತು ಕಳೆದ. ಒಂದು ನಿಮಿಷವಾಯಿತು, ಎರಡಾಯಿತು. ಬೆರಳ ಸಂದಿಯ ಹುಳ ಅಲುಗಲಿಲ್ಲ. ಐಸ್ ಹೆಚ್ಚಾಗಿತ್ತೋ, ಅದರ ಆಯಸ್ಸೇ ಮುಗಿದಿತ್ತೋ. ಸತ್ತದ್ದನ್ನು ತೋರಿಸುವಂತಿಲ್ಲ. 'ಸತ್ತದ್ದು ಬಂತು, ಬದುಕಿದ್ದು ಇನ್ನೂ ಒಳಗೇ ಇದೆ' ಎಂದು ಗಂಡ ಅಂದರೆ ಮುಗಿಯಿತು.

"ಆ ಕೈ ಯಾಕೆ ಮಡಚಿದ್ದೀರಿ?" ಎಂದ ಗಡಿಯಾರದವನು. "ಬಿಚ್ಚಿ ತೋರಿಸಿ."

ಮೂವತ್ತು ವರ್ಷದಲ್ಲಿ ಯಾರೂ ಇಷ್ಟು ಹತ್ತಿರ ನಿಂತು ಜಾದೂಗಾರನಿಗೆ ಕೈ ಬಿಚ್ಚಲು ಹೇಳಿರಲಿಲ್ಲ.

"ಅಮ್ಮಾ," ಎಂದು ಅವಳು ಚೀರಿದಳು. "ಬರ್ತಾ ಇದೆ. ಈಚೆ ಬರ್ತಾ ಇದೆ." ಕತ್ತು ಹೊರಳಿಸಿದ ರಭಸಕ್ಕೆ ಮುಡಿ ಬಿಚ್ಚಿ ಕೂದಲು ಅವನ ಮಡಚಿದ ಕೈಮೇಲೆ ಹರಡಿಕೊಂಡಿತು. ಭೂತಗನ್ನಡಿ ತಟ್ಟನೆ ಕಿವಿಯ ಕಡೆ ತಿರುಗಿತು. ಅದೇ ಹೊತ್ತಿಗೆ ಬೆರಳ ಸಂದಿಯಲ್ಲಿ ಒಂದು ಕಾಲು ಆಡಿತು.

ಎಷ್ಟೋ ಸಹಾಯಕಿಯರನ್ನು ಕಂಡಿದ್ದ ಅವನು. ಒಬ್ಬಳೂ ಇಷ್ಟು ಸರಿಯಾದ ಗಳಿಗೆಯಲ್ಲಿ ಚೀರಿದವಳಲ್ಲ. ದೇವರು ದೊಡ್ಡವನು ಎಂದುಕೊಂಡು ಜೀರುಂಡೆಯನ್ನು ಕಿವಿಯಿಂದ ಎಳೆದು ತಟ್ಟೆಗೆ ಬಿಟ್ಟ. ಅದು ತಡವರಿಸಿ ಎದ್ದು ನಡೆಯತೊಡಗಿತು.

ಗಡಿಯಾರದವನು ಅದನ್ನು ಬಹಳ ಹೊತ್ತು ನೋಡಿದ, ಕಾಲುಗಳನ್ನೂ ಎಣಿಸಿದ. ಆಮೇಲೆ ತನ್ನ ಕಿವಿಯನ್ನು ಹೆಂಡತಿಯ ಕಿವಿಗೆ ಒತ್ತಿ ಹಿಡಿದು, ಕೆಟ್ಟ ಗಡಿಯಾರವನ್ನು ಆಲಿಸುವ ಹಾಗೆ ನಿಂತ. ಉಳಿದಿಬ್ಬರೂ ಉಸಿರು ಬಿಡಲಿಲ್ಲ.

"ನಿಂತಿದೆ," ಎಂದ.

ಅಷ್ಟೇ. ಬಟ್ಟೆಯ ಪೆಟ್ಟಿಗೆಗೆ ಒರಗಿ ನೆಲದ ಮೇಲೆ ಕುಸಿದ. ಸ್ವಲ್ಪ ಹೊತ್ತು ಅತ್ತ. ಅಳುತ್ತಲೇ ಅವನ ತಲೆ ವಾಲಿತು, ಬಾಯಿ ತೆರೆಯಿತು, ಗೊರಕೆ ಶುರುವಾಯಿತು. ಜಾದೂಗಾರ ಸಡಿಲಾದ ಅವನ ಕೈಯಿಂದ ಚಿಮುಟವನ್ನು ತೆಗೆದು ದೂರ ಇಟ್ಟ.

"ಇನ್ನು ಹೆದರಿಕೆ ಬೇಡ ತಾಯಿ," ಎಂದು ಅವಳ ಕಡೆ ಬಗ್ಗಿದ. "ಹುಳ ಹೋಯ್ತು. ಈಗ ಸದ್ದು ಇಲ್ಲ ತಾನೇ? ಪಾಪ ಅವನೂ ಸೋತಿದ್ದಾನೆ. ನೀವೂ ಒಂದು ಗಳಿಗೆ ಮಲಗಿ."

ಅವಳು ಎದ್ದು ತನ್ನ ಶಾಲನ್ನು ಗಂಡನಿಗೆ ಹೊದಿಸಿದಳು. ನಿದ್ದೆ ನಿಜವೋ ಅಲ್ಲವೋ ಎಂದು ಅವನ ಮುಖವನ್ನೇ ನೋಡಿದಳು. ಇಡೀ ಮಧ್ಯಾಹ್ನ ತಡೆದಿಟ್ಟಿದ್ದ ಅಳು ಆಗ ಬಂತು.

"ನನ್ನ ಕಿವಿಯಲ್ಲಿ ಯಾವತ್ತೂ ಸದ್ದು ಇರ್ಲಿಲ್ಲ ಅಣ್ಣಾ," ಎಂದಳು ಮೆಲ್ಲಗೆ. "ಕೇಳಿಸ್ತಾ ಇದ್ದದ್ದು ಇವರಿಗೆ."